ಮಡಚಿಟ್ಟ ಬಟ್ಟೆ

ಬಿಚ್ಚಿದ ಸೀರೆ ತಾನಾಗಿ ತನ್ನ ಹಳೆಯ ಮಡಿಕೆಗೆ ಮರಳುವುದಿಲ್ಲ. ಇದೇನು ಮಹಾ ಶೋಧವೇ ಎಂದು ನೀವು ನಕ್ಕರೂ ಸರಿಯೇ. ನಾರಾಯಣಪೇಟೆಯ ಸೀರೆ ಅಂಗಡಿಯೊಂದರ ಬಿಳಿ ಗಾದಿಯ ಮೇಲೆ ಪದ್ಮಾಸನಸ್ಥನಾಗಿ ಅರ್ಧ ಆಯುಷ್ಯ ಕಳೆದ ನನಗೆ ದಕ್ಕಿದ ತತ್ತ್ವಜ್ಞಾನ ಇಷ್ಟೇ. ಗದ್ವಾಲದ ರೇಷ್ಮೆ ಅಂಚಿನದನ್ನು ತೋರಿಸಿದರೆ ನಮ್ಮೂರ ಚೌಕಳಿ ಬೇಕೆನ್ನುತ್ತಾರೆ, ಚೌಕಳಿ ಹಾಸಿದರೆ ಗದ್ವಾಲದ್ದೇ ಚೆನ್ನಾಗಿತ್ತೆನ್ನುತ್ತಾರೆ, ಕೊನೆಗೆ ‘ಮತ್ತ ಬರ್ತೀವ್ರಿ’ ಎಂದು ಬರಿಗೈಯಲ್ಲಿ ಚಪ್ಪಲಿ ಮೆಟ್ಟುತ್ತಾರೆ. ಆ ವರ್ಣಸಾಗರವನ್ನು ಮಡಚುತ್ತ ಕೂರುವವನು ನಾನು.

ಕಾಲೇಜಿನಲ್ಲಿ ಇತಿಹಾಸ ಬೋಧಿಸುವ ಕನಸು ಕಂಡಿದ್ದವನು ಹುರಿಮೀಸೆ ಹೊತ್ತು, ಗಿರಾಕಿಗಳಿಗೆ ತೋರಿಸಲೆಂದು ಸೆರಗನ್ನು ಹೆಗಲಿಗೇರಿಸಿ, ಕನ್ನಡಿಯ ಮುಂದೆ ಮದುಮಗಳಂತೆ ನಿಲ್ಲುವ ದೃಶ್ಯವನ್ನು ಕಲ್ಪಿಸಿಕೊಳ್ಳಿ. ಈ ಕೆಲಸ ನನಗೆ ಎಂದೂ ಸೇರಲಿಲ್ಲ. ಮನೆಗೆ ಬಂದು ಗೊಣಗಿದಾಗಲೆಲ್ಲ ಮಕ್ತಲದವಳಾದ ನನ್ನ ಹೆಂಡತಿ ಸುಗುಣ, ಈಸ್ಟರ್ ಬೆಳಗಿನ ಚರ್ಚಿನ ಉಪದೇಶದಲ್ಲಿ ಕೇಳಿದ್ದನ್ನೇ ನನಗೆ ಮದ್ದಿನಂತೆ ಅರೆದು ಕುಡಿಸುತ್ತಿದ್ದಳು: “ಯೇಸುಸ್ವಾಮಿ ಸಮಾಧಿಯಿಂದ ಎದ್ದ ಮ್ಯಾಲ ತಲಿಗೆ ಸುತ್ತಿದ ಬಟ್ಟಿ ಮಡಚಿ ಬ್ಯಾರೆ ಇಟ್ಟು ಹೋದ್ರಂತ್ರಿ. ಅವರಿಗಿಲ್ಲದ ನಾಚಿಕಿ ನಿಮಗ್ಯಾಕ?” ಸ್ವಾಮಿಗೆ ಗಿರಾಕಿಗಳ ಕಾಟವಿರಲಿಲ್ಲವೆಂದು ನಾನು ನಗುತ್ತಿದ್ದೆ.

ಹೋದ ವರ್ಷ ಮೂತ್ರಪಿಂಡದ ಬೇನೆಯಿಂದ ಸುಗುಣ ತೀರಿಕೊಂಡಳು. ಆಸ್ಪತ್ರೆಗೆ ಹೊರಡುವ ಮುಂಚೆ ಅವಳು ಉಟ್ಟು ಬಿಚ್ಚಿಹಾಕಿದ ಚೌಕಳಿ ಸೀರೆ ಗೂಟದ ಮೇಲೆ ಹಾಗೇ ಜೋತುಬಿದ್ದಿತ್ತು. ಮುಟ್ಟಲು ನನಗೆ ಧೈರ್ಯ ಬರಲಿಲ್ಲ. ಅಂಗಡಿಯಲ್ಲಿ ಮದುವೆ ಜವಳಿಗೆ ಬಂದವರ ನಗು ಎದೆಗೆ ಚುಚ್ಚುತ್ತಿತ್ತು. ಈ ಕೆಲಸದಿಂದ ಬಿಡಿಸು, ಇಲ್ಲವೇ ಈ ಬೇಸರದಿಂದಲಾದರೂ ಬಿಡಿಸು ಎಂದು ಚರ್ಚಿನಲ್ಲಿ ಮೊಣಕಾಲೂರಿ ಬೇಡಿದೆ. ಉತ್ತರ ಬರಲಿಲ್ಲವಾಗಿ, ಒಂದು ಸೋಮವಾರ ಅಂಗಡಿಯ ಸಾವ್ಕಾರರಿಗೆ ಕೆಲಸ ಬಿಡುತ್ತೇನೆಂದು ಹೇಳಿಬಿಡಲು ನಿರ್ಧರಿಸಿಯೇ ಹೋದೆ.

ಅಂದು ಬಾಗಿಲು ತೆರೆಯುವುದಕ್ಕೇ ಕಾದಿದ್ದವನು ಮರಿಕಲ್ ಕಡೆಯ ಕುರುಬ, ಹೆಗಲ ಮೇಲೆ ಕಂಬಳಿ. ಅಕ್ಕ ಸತ್ತಿದ್ದಳು, ಹೆಣಕ್ಕೆ ಹೊದಿಸಲು ತವರಿನ ಸೀರೆ ಬೇಕಿತ್ತು. ಅಂಥ ಸೀರೆಯನ್ನು ನಮ್ಮಲ್ಲಿ ಬಿಚ್ಚಿ ತೋರಿಸುವ ರೂಢಿಯಿಲ್ಲ. ಯಾರೂ ಆರಿಸುವುದಿಲ್ಲ, ಮಡಿಕೆಯಲ್ಲೇ ಕಟ್ಟಿಕೊಡುತ್ತೇವೆ. ನಾನು ಕಟ್ಟಹೊರಟಾಗ ಅವನು ತಡೆದ.

“ಬಿಚ್ಚಬಾರ್ದಂತ ಗೊತ್ತೈತ್ರಿ. ಆದ್ರೂ ಒಮ್ಮೆ ಹೆಗಲ ಮ್ಯಾಲ ಹಾಕ್ಕೊಂಡು ತೋರಸ್ರಿ. ಜೀವ ಇದ್ದಾಗ ಅಕ್ಕಗ ಒಂದು ಗದ್ವಾಲ ಉಡಸಾಕ ಆಗ್ಲಿಲ್ಲ ನನಗ.”

ಗದ್ವಾಲದ ಹಸಿರು ಸೀರೆಯ ಸೆರಗನ್ನು ಹೆಗಲಿಗೇರಿಸಿ ನಿಂತೆ. ಅವನು ನನ್ನ ಮೀಸೆಯನ್ನು ನೋಡಲಿಲ್ಲ. ಬಹಳ ಹೊತ್ತು ಸೀರೆಯನ್ನೇ ನೋಡಿ, “ಚಂದ ಕಾಣ್ತಾಳ” ಎಂದ. ನನಗೆ ಅಳು ತಡೆಯಲಾಗಲಿಲ್ಲ, ಅವನೂ ಅತ್ತ. ಆಮೇಲೆ ಗಾದಿಯ ಮೇಲೆ ಮೊಣಕಾಲೂರಿ, ಮಣ್ಣಿಗೆ ಹೋಗುವ ಆ ಸೀರೆಯನ್ನು ಅಂಚಿಗೆ ಅಂಚು ಕೂಡಿಸಿ, ನಾಳೆ ದೇವರೇ ಬಿಚ್ಚಿ ನೋಡುವನೆಂಬಷ್ಟು ಜತನದಿಂದ ಮಡಚಿದೆ. ಸುಗುಣ ಹೇಳುತ್ತಿದ್ದ ಮಾತು ಆಗ ನನ್ನ ಕೈಗೆ ಅರ್ಥವಾಯಿತು. ಚರ್ಚಿನಲ್ಲಿ ಬಾರದ ಉತ್ತರ ಗಾದಿಯ ಮೇಲೆ ಬಂದಿತ್ತು, ನಾನು ಬೇಡಿದ್ದರಲ್ಲಿ ಎರಡನೆಯದಕ್ಕೆ ಮಾತ್ರ.

ಸಾವ್ಕಾರರಿಗೆ ಏನೂ ಹೇಳಲಿಲ್ಲ. ಕೆಲಸ ಈಗಲೂ ಪ್ರಿಯವೇನಲ್ಲ. ಗಿರಾಕಿಗಳು ಬಿಚ್ಚಿಸುತ್ತಾರೆ, ಕೊಳ್ಳದೆ ಹೋಗುತ್ತಾರೆ, ನಾನು ಮಡಚುತ್ತೇನೆ, ಗೊಣಗುವುದಿಲ್ಲ ಅಷ್ಟೇ.

ಆ ಸೋಮವಾರದ ಸಂಜೆ ಮನೆಗೆ ಬಂದು ಗೂಟದ ಮೇಲಿದ್ದ ಚೌಕಳಿ ಸೀರೆಯನ್ನು ಇಳಿಸಿದೆ. ಅವಳು ಉಟ್ಟು ಸುಕ್ಕಾದ ಬಟ್ಟೆ ಯಾವ ಮಡಿಕೆಗೂ ಒಗ್ಗಲಿಲ್ಲ. ಅಂಗೈಯಿಂದ ಸವರಿ ಸವರಿ ಹೇಗೋ ಮಡಚಿದೆ. ಉಳಿದ ಸೀರೆಗಳ ಜೊತೆ ಪೆಟ್ಟಿಗೆಗೆ ಹಾಕದೆ, ಬೇರೆಯಾಗಿ ಕಿಟಕಿಯ ಬಳಿ ಇಟ್ಟೆ. ಎದ್ದು ಹೋದವರ ಬಟ್ಟೆ ಹೀಗೆ ಮಡಚಿ ಬೇರೆಯೇ ಇರುತ್ತದೆಂದು ಹೇಳಿದವಳು ಅವಳೇ.