ನೈಟ್ ಫೆರಿಗೆ ಬಿದ್ದ ಮತಗಳು

ಬರ್ನಿಸ್ ಝೆಲೆಂಕಾ ಷಿಕಾಗೋದ ಪಿನ್‌ಬಾಲ್ ಕಾರ್ಖಾನೆಗೆ ಸೇರಿದಾಗ ಆಕೆಗಿನ್ನೂ ಹದಿನೆಂಟು. ಆಟದ ಹಲಗೆಯನ್ನು ಮಗುಚಿ ಹಾಕಿ, ಅದರ ಹೊಟ್ಟೆಯೊಳಗಿನ ತಂತಿಗಳಿಗೆ ಬೆಸುಗೆ ಹಾಕುವುದು ಕೆಲಸ. ಸಾಲಾಗಿ ಕೂತ ಹೆಂಗಸರೆಲ್ಲ ದಿನವಿಡೀ ಅದನ್ನೇ ಮಾಡುತ್ತಿದ್ದರು. ಬೆಸುಗೆಯ ವಾಸನೆ ಕೂದಲಿಗೆ ಹತ್ತಿಕೊಂಡು ಭಾನುವಾರ ಚರ್ಚಿನಲ್ಲೂ ಬಿಡುತ್ತಿರಲಿಲ್ಲ.

ದೇಶಕ್ಕೆಲ್ಲ ಪಿನ್‌ಬಾಲ್ ಯಂತ್ರ ಕಳಿಸುತ್ತಿದ್ದ ಆ ಊರಿನಲ್ಲಿ ಆಗ ಪಿನ್‌ಬಾಲ್ ಆಡುವಂತಿರಲಿಲ್ಲ. ಜೂಜಿನ ಸಾಮಾನೆಂದು ನಗರಸಭೆ ನಿಷೇಧ ಹಾಕಿತ್ತು. ತಾನು ಬೆಸುಗೆ ಹಾಕಿದ್ದು ಹೇಗೆ ಆಡುತ್ತದೆ ಎಂದು ನೋಡಬೇಕಾದರೆ ಊರಿನ ಗಡಿ ದಾಟಿ ಬರ್ವಿನ್‌ಗೆ ಹೋಗಬೇಕು. ಅಂಕ ಬಿದ್ದಾಗ ಬಾರಿಸುವ ಗಂಟೆಗಳನ್ನು ಜೋಡಿಸುತ್ತಿದ್ದ ಎಮಿಲ್ ಎಂಬ ಹುಡುಗ ಆಕೆಯನ್ನು ಮೊದಲ ಸಲ ಹೊರಗೆ ಕರೆದುಕೊಂಡು ಹೋದದ್ದೂ ಅಲ್ಲಿಗೇ, ಹ್ರೂಬಿಯವರ ಬಾರಿಗೆ. 'ನೈಟ್ ಫೆರಿ' ಎಂಬ ಹೊಸ ಯಂತ್ರ ಆಗತಾನೇ ಬಂದು ಕೂತಿತ್ತು. ಅದರ ಮೇಲೆಲ್ಲ ರಾತ್ರಿಯ ದೋಣಿಯಾನದ ಚಿತ್ರ: ಕಡುನೀಲಿ ನೀರು, ದೋಣಿಯ ದೀಪಗಳು, ಕೈಬೀಸುವ ಪ್ರಯಾಣಿಕರು. ಇಳಿಜಾರು ಹಲಗೆಯ ಮೇಲೆ ಉರುಳಿ ಬರುವ ಉಕ್ಕಿನ ಗುಂಡು ಕೆಳಗಿನ ಕಿಂಡಿಗೆ ಬೀಳದ ಹಾಗೆ, ಬಟನ್ ಒತ್ತಿ ಎರಡು ಪುಟ್ಟ ರೆಕ್ಕೆಗಳಿಂದ ಮೇಲಕ್ಕೆ ಹೊಡೆಯುತ್ತ, ಇಬ್ಬರೂ ಜೇಬಿನ ಚಿಲ್ಲರೆ ಮುಗಿಯುವವರೆಗೆ ಆಡಿದರು. ಮರುವರ್ಷ ಮದುವೆಯಾದರು.

ಕಾರ್ಖಾನೆ ಮುಚ್ಚಿ, ಎಮಿಲ್ ತೀರಿಕೊಂಡು ಹತ್ತು ವರ್ಷ ಕಳೆದ ಮೇಲೂ ಬರ್ನಿಸ್ ಪ್ರತಿ ಮಂಗಳವಾರ ಸಂಜೆ ಅದೇ ಬಾರಿಗೆ ಬರುತ್ತಿದ್ದಳು. ಹ್ರೂಬಿಯ ಮೊಮ್ಮಗ ಹಳೆಯ ಯಂತ್ರಗಳನ್ನೆಲ್ಲ ಹಿಂದಿನ ಕೋಣೆಯಲ್ಲಿ ಸುಸ್ಥಿತಿಯಲ್ಲಿ ಇಟ್ಟುಕೊಂಡಿದ್ದ. ಆಡುವವರದ್ದೇ ಒಂದು ಗುಂಪಿತ್ತು. ಆಕೆಯ ಖಾಯಂ ಎದುರಾಳಿ ಓಟಿಸ್ ಪೆಟಿಗ್ರೂ. ಒಂದು ಕಾಲದಲ್ಲಿ ಬಾರುಗಳಿಗೆ ಯಂತ್ರ ಬಾಡಿಗೆಗೆ ಕೊಟ್ಟು, ವಾರಕ್ಕೊಮ್ಮೆ ಬಂದು ಡಬ್ಬಿ ಬಿಚ್ಚಿ ನಾಣ್ಯ ಒಯ್ಯುತ್ತಿದ್ದವನು. ಇಬ್ಬರಿಗೂ ಎಪ್ಪತ್ತು ದಾಟಿತ್ತು. ಸೋತವರು ಗೆದ್ದವರಿಗೆ ಬಿಯರ್ ಕೊಡಿಸಬೇಕು.

ಆ ವಸಂತದಲ್ಲಿ ಮಾರಿಟ್ ಎಂಬ ಹುಡುಗಿ ಬಂದಳು. ಹಳೆಯ ಪಿನ್‌ಬಾಲ್ ಯಂತ್ರಗಳನ್ನು ಕಂಪ್ಯೂಟರಿನಲ್ಲೂ ಫೋನಿನಲ್ಲೂ ಆಡುವ ಹಾಗೆ ಮಾಡಿಕೊಡುವ ಸಣ್ಣ ಕಂಪನಿಯವಳು. ಹಲಗೆ ಬಿಚ್ಚಿ, ಇಂಚಿಂಚೂ ಫೋಟೋ ತೆಗೆದು, ಒಂದೊಂದು ಸದ್ದನ್ನೂ ಧ್ವನಿಮುದ್ರಿಸಿಕೊಂಡು ಕಟ್ಟುತ್ತೇವೆ ಎಂದಳು. ಈ ವರ್ಷ ಈ ಕೋಣೆಯ ಒಂದೇ ಒಂದು ಯಂತ್ರ ಮಾಡುವಷ್ಟು ಹಣವಿದೆ. ಯಾವುದು ಅನ್ನೋದನ್ನು ಇಲ್ಲಿ ಆಡುವವರೇ ಮತ ಹಾಕಿ ಆರಿಸಿ ಎಂದಳು.

ಓಟಿಸ್ 'ಕಾಪರ್ ಕಿಂಗ್' ಎಂದ. ಗಣಿಯ ಚಿತ್ರವಿದ್ದ, ಗುಂಡು ಒಮ್ಮೆ ಮೇಲೇರಿದರೆ ಬೇಗ ಇಳಿಯದ ಚುರುಕು ಯಂತ್ರ ಅದು. ಬರ್ನಿಸ್ ನೈಟ್ ಫೆರಿ ಎಂದಳು. ಆ ಬಣ್ಣ, ಆ ಗಂಟೆಗಳ ದನಿ ಇನ್ನೆಲ್ಲೂ ಇಲ್ಲ ಎಂದು ವಾದಿಸಿದಳು.

"ದನಿ ಚೆನ್ನಾಗಿದೆ, ಯಾರು ಇಲ್ಲ ಅಂದ್ರು?" ಎಂದ ಓಟಿಸ್. "ಆದ್ರೆ ಅದು ಸತ್ತ ಯಂತ್ರ ಕಣೇ. ಎರಡು ರೆಕ್ಕೆಗಳ ಮಧ್ಯೆ ಬಸ್ ಹೋಗೋಷ್ಟು ಜಾಗ. ಗುಂಡು ಬಿಟ್ರೆ ನೆಟ್ಟಗೆ ಕೆಳಗೆ ಹೋಗತ್ತೆ. ನಾನು ಇಟ್ಟಲ್ಲೆಲ್ಲ ಡಬ್ಬಿ ಖಾಲಿ."

"ಆಡೋಕೆ ಬರದವರು ಹಾಗೇ ಹೇಳೋದು."

"ನಿನಗೆ ಅದು ಇಷ್ಟ ಅಲ್ಲ ಬರ್ನಿಸ್. ನಿನಗೆ ಎಮಿಲ್ ಇಷ್ಟ."

ಬರ್ನಿಸ್ ಲೋಟ ಕೆಳಗಿಟ್ಟು ಕೋಟು ಹಾಕಿಕೊಂಡು ಮನೆಗೆ ಹೊರಟುಹೋದಳು. ಮುಂದಿನ ಎರಡು ಮಂಗಳವಾರ ಬಂದರೂ ಅವನ ಜೊತೆ ಮಾತಾಡಲಿಲ್ಲ. ಗುಂಪಿನವರಿಗೆ ಇದು ಇರುಸುಮುರುಸಾಯಿತು. ಅರ್ಧ ಜನಕ್ಕೆ ಒಳಗೊಳಗೇ ಕಾಪರ್ ಕಿಂಗ್ ಬೇಕಿತ್ತು. ಆದರೂ ಆಕೆಯ ಮನಸ್ಸು ನೋಯಿಸಲು ಯಾರಿಗೂ ಇಷ್ಟವಿರಲಿಲ್ಲ; ಚೀಟಿ ಎಣಿಸಿದಾಗ ಹೆಚ್ಚುಕಡಿಮೆ ಎಲ್ಲವೂ ನೈಟ್ ಫೆರಿಗೇ ಬಿದ್ದಿದ್ದವು. ಅವುಗಳಲ್ಲಿ ಓಟಿಸ್‌ನದೂ ಒಂದೆಂದು ಆಕೆಗೆ ಆಮೇಲೆ ಗೊತ್ತಾಯಿತು. ಕನಿಕರಕ್ಕೆ ಹಾಕಿದ ಮತವೆಂದು ಸಂತೋಷಕ್ಕಿಂತ ಸಿಟ್ಟೇ ಹೆಚ್ಚಾಯಿತು.

ಹಲಗೆ ಬಿಚ್ಚುವ ದಿನ ಮಾರಿಟ್ ಬರ್ನಿಸ್‌ಳನ್ನು ಕರೆಸಿಕೊಂಡಳು. ಗಾಜು ತೆಗೆದು ಹಲಗೆಯನ್ನು ನಿಲ್ಲಿಸಿದಾಗ, ಬಟ್ಟೆ ಸುತ್ತಿದ ತಂತಿಗಳ ಕಂತೆ ಕಂತೆಯೇ ಕಂಡಿತು. ಮಾರಿಟ್ ಆಸೆಯಿಂದ, ಇದರಲ್ಲಿ ನಿಮ್ಮ ಕೈಯ ಬೆಸುಗೆ ಯಾವುದು ಎಂದು ಕೇಳಿದಳು. ಅವಳ ಜೊತೆಗಾರ ಕ್ಯಾಮೆರಾ ಹತ್ತಿರ ತಂದ.

ಬರ್ನಿಸ್ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದಳು. "ಗೊತ್ತಿಲ್ಲ ಕಣಮ್ಮ," ಎಂದಳು. "ಸಾಲು ತುಂಬ ಹೆಂಗಸರು ಕೂತಿರ್ತಿದ್ವಿ. ಎಲ್ಲರದ್ದೂ ಒಂದೇ ಥರ ಇರಬೇಕು ಅಂತ ತಾನೇ ಮೇಸ್ತ್ರಿ ಬೈತಿದ್ದಿದ್ದು." ಜೊತೆಗಾರ ಕ್ಯಾಮೆರಾ ಇಳಿಸಿದ. ಗಂಟೆಗಳ ದನಿಯನ್ನು ಧ್ವನಿಮುದ್ರಿಸಿಕೊಳ್ಳುವಾಗ ಮಾತ್ರ ಆಕೆ ಮೂಲೆಯ ಸ್ಟೂಲಿನ ಮೇಲೆ ಅಲುಗಾಡದೆ ಕೂತಿದ್ದಳು.

ಶರತ್ಕಾಲದಲ್ಲಿ ಆಟ ಸಿದ್ಧವಾಯಿತು. ಬಿಡುಗಡೆಗೆ ಮೊದಲೇ ಮಾರಿಟ್ ಒಂದು ಟ್ಯಾಬ್ಲೆಟ್ಟಿನಲ್ಲಿ ಹಾಕಿ ತಂದುಕೊಟ್ಟಳು. ಬರ್ನಿಸ್ ಅಡುಗೆಮನೆಯ ಮೇಜಿನ ಮೇಲೆ ಅದನ್ನು ಸಕ್ಕರೆ ಡಬ್ಬಿಗೆ ಒರಗಿಸಿಟ್ಟು ಆಡಿದಳು. ನೀಲಿ ಅದೇ ನೀಲಿ. ಮೊದಲ ಗಂಟೆ ಬಾರಿಸಿದಾಗ ಕೈ ತಾನಾಗಿ ನಿಂತುಹೋಯಿತು. ಗುಂಡು ಕೆಳಗೆ ಹೋಯಿತು. ಮತ್ತೆ ಬಿಟ್ಟಳು. ಮತ್ತೆ ನೆಟ್ಟಗೆ ಕೆಳಗೆ ಹೋಯಿತು.

ವಾರವಿಡೀ ಬೆಳಗಿನ ಕಾಫಿಯ ಜೊತೆ ಆಡಿದಳು. ಬಾರಿನಲ್ಲಾದರೆ ಯಂತ್ರವನ್ನು ಸೊಂಟದಿಂದ ನೂಕಬಹುದು, ಆಡುತ್ತಿರುವವರ ಭುಜದ ಮೇಲಿಂದ ಯಾರಾದರೂ ಏನಾದರೂ ಅನ್ನುತ್ತಾರೆ, ಸೋತರೆ ನಗು ಬರುತ್ತದೆ. ಇಲ್ಲಿ ಅದೇನೂ ಇಲ್ಲ, ಬರೀ ಆಟ ಮಾತ್ರ ಇತ್ತು. ಶನಿವಾರ ಓಟಿಸ್‌ಗೆ ಫೋನ್ ಮಾಡಿದಳು.

"ನೀನು ಹೇಳಿದ್ದು ಸರಿ. ಬೇಜಾರು ಬರೋ ಯಂತ್ರ ಅದು."

ಓಟಿಸ್, "ಇದನ್ನ ಹೇಳೋಕೆ ಐವತ್ತು ವರ್ಷ ತಗೊಂಡ್ಯಲ್ಲೇ ಮಾರಾಯ್ತಿ" ಎಂದ. ಎಮಿಲ್‌ನ ಹೆಸರು ಎತ್ತಬಾರದಿತ್ತು ಎಂದೂ ಹೇಳಿದ. ಎತ್ತಿದ್ದರಲ್ಲಿ ಸುಳ್ಳೇನಿರಲಿಲ್ಲ ಬಿಡು ಎಂದಳು ಬರ್ನಿಸ್.

ಕಂಪನಿಯಲ್ಲೂ ಇದೇ ಮಾತು ನಡೆದಿತ್ತು. ಮುಂದಿನ ಮಂಗಳವಾರ ಮಾರಿಟ್ ಮುಜುಗರದಿಂದಲೇ ಬಾರಿಗೆ ಬಂದು ವಿಷಯ ತೆಗೆದಳು. ಆಡಿ ನೋಡಿದವರೆಲ್ಲ ಕಷ್ಟ ಅನ್ನುತ್ತಿದ್ದಾರೆ. ರೆಕ್ಕೆಗಳನ್ನು ಕಣ್ಣಿಗೆ ಗೊತ್ತಾಗದ ಹಾಗೆ ಸ್ವಲ್ಪವೇ ಹತ್ತಿರ ತಂದರೆ ಆಟಕ್ಕೆ ಜೀವ ಬರುತ್ತದೆ.

"ನೀವು ಒಪ್ಪಿದ್ರೆ ಮಾತ್ರ ಬರ್ನಿಸ್. ಯಾರಿಗೂ ಗೊತ್ತಾಗಲ್ಲ."

ಬರ್ನಿಸ್ ಓಟಿಸ್‌ನ ಮುಖ ನೋಡಿದಳು. ಅವನು, ಇದು ನಿನಗೆ ಬಿಟ್ಟದ್ದು ಎಂಬಂತೆ ಭುಜ ಕುಣಿಸಿದ.

"ಬೇಡ," ಎಂದಳು. "ಅದು ಚೆನ್ನಾಗಿ ಆಡ್ತಿರಲಿಲ್ಲ. ಹೇಗಿತ್ತೋ ಹಾಗೇ ಇರಲಿ. ಚೆನ್ನಾಗಿರೋದು ಬೇಕು ಅಂದ್ರೆ ಇವನ ಕಾಪರ್ ಕಿಂಗ್ ಮಾಡಿ."

ಮಾರಿಟ್ ಕಚೇರಿಗೆ ಹೋಗಿ ಜಗಳಾಡಿ ಹಾಗೇ ಉಳಿಸಿದಳು. ನೈಟ್ ಫೆರಿಯನ್ನು ಕೊಂಡವರು ಕಡಿಮೆ. ಚಿತ್ರ ಸುಂದರ, ಆಟ ಸಪ್ಪೆ ಎಂದು ಬಹಳ ಮಂದಿ ಬರೆದರು; ಬರ್ನಿಸ್ ಅವನ್ನು ಓದಿ, ಸರಿಯಾಗೇ ಬರೆದಿದ್ದಾರೆ ಅಂದುಕೊಂಡಳು. ಮರುವರ್ಷ ಕಾಪರ್ ಕಿಂಗ್ ಬಂತು, ಚೆನ್ನಾಗಿ ಓಡಿತು. ಬರ್ನಿಸ್ ಕೂಡ ಅದಕ್ಕೆ ಅಂಟಿಕೊಂಡಳು. ಒಲೆಯ ಮೇಲಿಟ್ಟ ಡಂಪ್ಲಿಂಗ್ ಕಡುಬು ಎರಡು ಸಲ ಸೀದುಹೋಗುವಷ್ಟು. ಓಟಿಸ್‌ನ ಅಂಕ ದಾಟಿದ ಬೆಳಗ್ಗೆ ಅವನಿಗೆ ಫೋನ್ ಮಾಡಿ, ಈ ವಾರದ ಬಿಯರ್ ನೀನೇ ಕೊಡಿಸಬೇಕು ಎಂದಳು. ಮನೆಯಲ್ಲಿ ಆಡಿದ್ದು ಲೆಕ್ಕಕ್ಕಿಲ್ಲ ಎಂದು ಅವನು ತಕರಾರು ತೆಗೆದ.