ಹಸಿರು ಅಂಗಿಯ ಖಾಕಿ ಕಿಸೆ

ನುಸಿಗುಳಿಗೆಯ ವಾಸನೆ ಮೂಗಿಗೆ ಬಡಿದರೆ ಇವತ್ತಿಗೂ ನನ್ನ ಹೊಟ್ಟೆಯೊಳಗೆ ಯಾರೋ ಮುಷ್ಟಿ ಬಿಗಿದಂತಾಗುತ್ತದೆ. ಆ ಬಿಳಿ ಗೋಲಿಗಳು ನಿಮಗೆ ಅಜ್ಜಿಯ ಟ್ರಂಕನ್ನೋ ಅವ್ವನ ಮದುವೆ ಸೀರೆಯನ್ನೋ ನೆನಪಿಸಬಹುದು, ಬೇಡ ಅನ್ನುವುದಿಲ್ಲ. ವಾಸನೆಗೆ ತನ್ನದೇ ಅರ್ಥ ಇರುವುದಿಲ್ಲ, ಯಾರ ಮನೆಯ ಬೀರುವಿನಿಂದ ಬಂತು ಅನ್ನುವುದರಿಂದ ಅರ್ಥ ಹುಟ್ಟುತ್ತದೆ ಎಂದು ನಾನು ಯಾವ ವೇದಿಕೆಯ ಮೇಲಾದರೂ ವಾದಿಸಬಲ್ಲೆ. ವಾದ ಮಾಡುವುದು ನನಗೆ ಬರುತ್ತದೆ. ಶಾಲೆ, ಕಾಲೇಜು ಎಲ್ಲಾ ಅದರಲ್ಲೇ ಕಳೆಯಿತು. ಆದರೆ ಹೊಟ್ಟೆ ವಾದ ಕೇಳುವುದಿಲ್ಲ. ಮೊನ್ನೆ ಮಸ್ಕಿಯಲ್ಲಿ, ಅಪ್ಪ ಕಟ್ಟಿಸಿದ ಹೊಸ ಮನೆಯ ಅಲ್ಮೇರಾ ತೆರೆದಾಗ ಆ ವಾಸನೆ ಬಂತು. ಕ್ಷಣದಲ್ಲಿ ನಾನು ಸಿಂಧನೂರಿನ ಬಾಡಿಗೆ ಮನೆಯ ಮಾಳಿಗೆ ಮೇಲೆ, ಬಿಸಿಲಿಗೆ ಹರವಿದ ಬಟ್ಟೆಗೆ ಮೂಗು ಹಚ್ಚಿಕೊಂಡು ಕೂತ ಹುಡುಗಿಯಾಗಿಬಿಟ್ಟೆ.

ಆ ಮನೆ ಈಗಿಲ್ಲ. ಅದಿದ್ದ ಕಡೆ ಮೊಬೈಲ್ ಅಂಗಡಿಗಳ ಸಾಲು ಎದ್ದಿದೆ. ಎಲ್ಲಿ ನಮ್ಮ ಅಡುಗೆ ಮನೆ ಮುಗಿದು ಎಲ್ಲಿ ಪಡಸಾಲೆ ಶುರುವಾಗುತ್ತಿತ್ತು ಎಂದು ಹುಡುಕಿದರೆ ಗಾಜಿನ ಬಾಗಿಲಲ್ಲಿ ನನ್ನದೇ ಮುಖ ಕಾಣುತ್ತದೆ. ಎರಡೇ ಖೋಲಿಯ ಮನೆ. ಗೋಡೆಯ ಮೇಲೆ ಕಣ್ಣು ಮುಚ್ಚಿ ಕೂತ ಬುದ್ಧನ ಫೋಟೊ. ಅದರ ಕೆಳಗೆ, ಕಿಟಕಿಯ ಬೆಳಕು ಬೀಳುವಲ್ಲಿ, ಅತ್ತಿಯ ಹೊಲಿಗೆ ಮಿಷನ್ನು. ಅತ್ತಿ ಅಂದರೆ ಅಪ್ಪನ ತಂಗಿ, ದುರ್ಗಮ್ಮ. ಮುಕ್ಕುಂದದ ಗಂಡನ ಮನೆಯನ್ನು ಬಿಟ್ಟು ಬರುವಾಗ ಅವಳು ಟಂಟಂ ಆಟೋದಲ್ಲಿ ಹೇರಿಕೊಂಡು ತಂದದ್ದು ಅದೊಂದನ್ನೇ. ಅವಳ ಪೆಡಲಿನ ಸದ್ದು ನಿಂತರೆ ಮನೆಯೇ ಉಸಿರು ಹಿಡಿದಂತಿರುತ್ತಿತ್ತು. ಅಪ್ಪ ಬಸ್ ಕಂಡಕ್ಟರ್. ಸಿಂಧನೂರಿನಿಂದ ಮಸ್ಕಿ ಮೇಲೆ ಲಿಂಗಸುಗೂರು, ಮತ್ತೆ ವಾಪಸ್ಸು. ವರ್ಷಗಟ್ಟಲೆ ಅದೇ ರೂಟು. ಅವನು ಮನೆಗೆ ಬಂದರೆ ಡೀಸೆಲ್ಲು, ಬೆವರು, ಚಿಲ್ಲರೆ ನಾಣ್ಯದ ವಾಸನೆ ಮೂರೂ ಕೂಡಿ ಒಳಗೆ ಬರುತ್ತಿದ್ದವು.

ಅಪ್ಪನದು ಒಂದೇ ಕಟ್ಟಳೆ: ಮಂದಿ ಉಟ್ಟು ಬಿಟ್ಟ ಬಟ್ಟೆ ನಮ್ಮ ಮನೆಯವರ ಮೈಗೆ ಹತ್ತಬಾರದು. ಅದಕ್ಕೆ ಕಾರಣವಿತ್ತು. ಸಂತೆಕಲ್ಲೂರಿನ ಕಡೆಯ ಹಳ್ಳಿಯೊಂದರಲ್ಲಿ ಅವನು ಹುಡುಗನಾಗಿದ್ದಾಗ, ಅವನವ್ವ ದುಡಿಯುತ್ತಿದ್ದ ಮನೆಯವರು ತಮ್ಮ ಮಗನ ಹಳೇ ಅಂಗಿ ಕೊಟ್ಟಿದ್ದರಂತೆ. ಅದನ್ನು ತೊಟ್ಟು ಸಾಲಿಗೆ ಹೋದ ದಿನ ಆ ಮಗ ಎದುರಿಗೆ ಬಂದ. ಬೈಯಲಿಲ್ಲ, ನಗಲಿಲ್ಲ. ನೆಟ್ಟಗೆ ಬಂದು ಅಪ್ಪನ ಎದೆಯ ಮೇಲಿನ ಕಿಸೆಗೆ ಕೈ ಹಾಕಿ, ಒಳಗೆ ಏನಾದರೂ ಉಳಿದಿದೆಯೇನೋ ಎಂದು ತಡವಿ ನೋಡಿ, ಹೊರಟುಹೋದ. ಗೂಟಕ್ಕೆ ತೂಗುಬಿಟ್ಟ ತನ್ನ ಅಂಗಿಯನ್ನು ತಡವಿದ ಹಾಗೆ. ಅಪ್ಪ ಇದನ್ನು ನಮಗೆ ಒಮ್ಮೆ ಮಾತ್ರ ಹೇಳಿದ್ದ, ಊಟದ ನಡುವೆ, ತಾಟಿನಿಂದ ಕಣ್ಣೆತ್ತದೆ. ಆಮೇಲೆ ಅತ್ತಿಯ ಕಡೆ ತಿರುಗಿ ಅಂದಿದ್ದ: “ದುರ್ಗೀ, ಮಂದಿ ಬಟ್ಟಿ ಈ ಹೊಸ್ತಿಲ ದಾಟಿ ಬಂತಂದ್ರ ನಿನ್ನ ಮಿಷನ್ ಹೊರಗ ಇಡ್ತೀನಿ ನೋಡು.” ಅವನು ಜೋರು ಮಾಡಿ ಹೇಳಿರಲಿಲ್ಲ. ಅದಕ್ಕೇ ನಾವೆಲ್ಲ ಹೆದರಿದ್ದೆವು.

ಆದರೂ ಬಟ್ಟೆ ಬರುತ್ತಿತ್ತು. ಅಕ್ಕಿ ಮಿಲ್ಲಿನವರ ಮನೆಗೆ ಅತ್ತಿ ಸೀರೆಗೆ ಫಾಲ್ ಹಚ್ಚಲು, ಜಂಪರ್ ಬಿಗಿ ಮಾಡಿಕೊಡಲು ಹೋಗುತ್ತಿದ್ದಳು. ಆ ಮನೆಯೊಡತಿ ಕೆನಾಲಿನ ನೀರಿನ ಜೊತೆ ಆಂಧ್ರದಿಂದ ಬಂದು ನೆಲೆಸಿದ ಕುಟುಂಬದಾಕೆ, ಕನ್ನಡವನ್ನು ತೆಲುಗಿನ ತಾಳದಲ್ಲಿ ಆಡುವಾಕೆ. “ಏಮ್ಮಾ ದುರ್ಗಮ್ಮಾ, ನಮ್ಮ ಪಾಪದು ಇವೆಲ್ಲಾ ಚಿಕ್ಕದಾಗ್ಯಾವ. ಬೀರುವಿನ್ಯಾಗ ಜಾಗ ಇಲ್ಲ, ಒಯ್ಯಿ,” ಎಂದು ಚೀಲ ತುಂಬಿಸಿ ಕೈಗಿಡುತ್ತಿದ್ದಳು. ಬೇಡ ಅಂದರೆ ಆ ಮನೆಯ ಹೊಲಿಗೆಯೂ ಬೇಡ ಅಂದ ಹಾಗೆ. ಹಾಗಂತ ಅತ್ತಿ ಬರೀ ಭಿಡೆಗೆ ತರುತ್ತಿದ್ದಳೆಂದು ಹೇಳಿದರೆ ಅದು ಅರ್ಧ ವಾದ. ಒಳ್ಳೆಯ ಬಟ್ಟೆ ಕಂಡರೆ ಅವಳ ಬೆರಳು ಸುಮ್ಮನಿರುತ್ತಿರಲಿಲ್ಲ. ಅವ್ವನ ಬೈಗುಳಕ್ಕೆ ಅವಳ ಉತ್ತರ ಒಂದೇ: “ವೈನೀ, ಬಟ್ಟಿ ಏನ್ ಪಾಪ ಮಾಡೇತಿ?”

ಬೇರೆಯವರು ಹಳೇ ಬಟ್ಟೆಯನ್ನು ಚಂದ ಮಾಡಲು ಅಲಂಕಾರ ಮಾಡುತ್ತಾರೆ. ಅತ್ತಿ ಮಾಡುತ್ತಿದ್ದದ್ದು ಗುರುತು ಸಿಗದಿರಲೆಂದು. ಅವಳು ಮೊದಲು ಕತ್ತರಿ ಹಾಕುತ್ತಿದ್ದದ್ದು ಆ ಬಟ್ಟೆಯಲ್ಲಿ ಅತಿ ಚಂದವಾದದ್ದಕ್ಕೆ: ಜರಿ ಅಂಚು, ಕೊರಳಿನ ಹೂವು, ಹೊಳೆಯುವ ಗುಂಡಿ. ಕಣ್ಣಿಗೆ ನೆನಪಿರುವುದು ಅದೇ ಅಲ್ಲವೆ. ಆಮೇಲೆ ಕಿಸೆ. ಕಿಸೆ ಇದ್ದರೆ ಬಿಚ್ಚಿ ತೆಗೆಯುತ್ತಿದ್ದಳು, ತಾನು ಹೊಲಿದದ್ದಕ್ಕೆ ಎಂದೂ ಹಚ್ಚುತ್ತಿರಲಿಲ್ಲ. ಕಾರಣ ಕೇಳುವ ಧೈರ್ಯ ನನಗಿರಲಿಲ್ಲ, ಕೇಳುವ ಅಗತ್ಯವೂ ಇರಲಿಲ್ಲ. ನಂತರ ಬಟ್ಟೆಯನ್ನು ಮಗುಚಿ, ಬೆನ್ನಿದ್ದದ್ದನ್ನು ಎದೆ ಮಾಡಿ, ಲಂಗವಿದ್ದದ್ದನ್ನು ಅಂಗಿ ಮಾಡಿ, ಕಲೆ ಇದ್ದಲ್ಲಿ ಪುಟ್ಟ ಕನ್ನಡಿ ಕೂರಿಸಿ ಸುತ್ತ ದಾರದ ಹೂವು ಬಿಡಿಸುತ್ತಿದ್ದಳು. ನನ್ನ ಗೆಳತಿಯರು ಕನ್ನಡಿ ನೋಡಿ ಹೊಟ್ಟೆ ಉರಿದುಕೊಳ್ಳುತ್ತಿದ್ದರು. ಪ್ರತಿ ಕನ್ನಡಿಯ ಹಿಂದೆ ಏನಿದೆಯೆಂದು ನನಗೆ ಗೊತ್ತಿತ್ತು. ಕೊನೆಗೆ ಉಳಿಯುತ್ತಿದ್ದದ್ದು ವಾಸನೆ. ಅಂಟವಾಳದ ನೊರೆಯಲ್ಲಿ ತೊಳೆದು, ಬೇವಿನೆಲೆ ನಡುವೆ ಮಡಚಿ, ಮಾಳಿಗೆಯ ಬಿಸಿಲಿಗೆ ಬೇಯಿಸಿ ಅವಳು ಅದನ್ನು ಓಡಿಸುತ್ತಿದ್ದಳು. ಹೋಯಿತೋ ಇಲ್ಲವೋ ಎಂದು ಮೂಸಿ ಹೇಳುವ ಕೆಲಸ ನನ್ನದು. “ನೋಡಬೇ ಸುಜೀ, ಡಾಂಬರ್ ಗೋಳಿ ವಾಸನಿ ಹೋಗೇತೇನು? ಸುಳ್ಳ ಹೇಳಬ್ಯಾಡ. ನಿಮ್ಮಪ್ಪನ ಮೂಗು ನಾಯಿ ಮೂಗು.” ಅಷ್ಟು ಸಣ್ಣ ಮೂಗಿನ ಮೇಲೆ ಇಡೀ ಮಿಷನ್ನಿನ ಭಾರ. ಮೂಸಿ ಮೂಸಿ, ಕೊನೆಗೆ ನನಗೆ ಇದ್ದದ್ದು ಯಾವುದು ಇಲ್ಲದ್ದು ಯಾವುದು ಎಂದು ತಿಳಿಯದೆ ಅಳು ಬಂದಂತಾಗುತ್ತಿತ್ತು.

ಏಳನೇ ಕ್ಲಾಸಿನಲ್ಲಿದ್ದಾಗ ಲಿಂಗಸುಗೂರಿನಲ್ಲಿ ಸುತ್ತಲ ತಾಲೂಕುಗಳ ಮಕ್ಕಳಿಗೆ ಚರ್ಚಾಸ್ಪರ್ಧೆ ಇತ್ತು. ಯಾವ ಶಾಲೆಯವರೆಂದು ತೀರ್ಪುಗಾರರಿಗೆ ಗೊತ್ತಾಗಬಾರದು, ಯೂನಿಫಾರ್ಮ್ ತೊಡದೆ ಬಣ್ಣದ ಡ್ರೆಸ್ಸಿನಲ್ಲಿ ಬನ್ನಿ ಎಂದು ನಿಯಮ. ಈ ನಿಯಮ ಮಾಡಿದವರಿಗೆ ಬಟ್ಟೆಯ ವಿಷಯ ಏನೂ ಗೊತ್ತಿರಲಿಲ್ಲ ಎಂದು ಈಗ ಅನ್ನಿಸುತ್ತದೆ. ನನ್ನ ಹಬ್ಬದ ಡ್ರೆಸ್ಸು ಬಗಲಲ್ಲಿ ಬಿಗಿಯಾಗಿ ಹರಿದಿತ್ತು. ಅತ್ತಿ ಟ್ರಂಕಿನ ತಳದಿಂದ ಒಂದು ಗಿಣಿಹಸಿರು ರೇಷ್ಮೆಯ ಪಟ್ಟು ಲಂಗ ಹೊರತೆಗೆದಳು, ಮಿಲ್ಲಿನವರ ಮಗಳದ್ದು. ಅವ್ವ ತಲೆ ತಲೆ ಬಡಿದುಕೊಂಡಳು: “ಇದು ಊರಿಗೇ ಕಾಣೋ ಬಣ್ಣ. ಮಿಷನ್ ಹೊರಗ ಹೋಗೋತನಾ ನೀ ಬಿಡಂಗಿಲ್ಲಲಾ!” ಅತ್ತಿ ಬಾಯಲ್ಲಿ ದಾರ ಕಚ್ಚಿಕೊಂಡು ನಕ್ಕಳು. ಈ ಸಲ ಅವಳು ಹಿಂದೆಂದೂ ಮಾಡದ್ದನ್ನು ಮಾಡಿದಳು. ಅಂಗಿಯ ಒಳಗೆಲ್ಲ ನಮ್ಮ ಮನೆಯ ಹಳೇ ಬಟ್ಟೆಯ ಅಸ್ತರಿ ಕೊಟ್ಟಳು: ಎದೆಗೆ ಅವ್ವನ ನೂಲಿನ ಸೀರೆ, ತೋಳಿಗೆ ಅಪ್ಪನ ಬಿಳಿ ಅಂಗಿ, ಕೊರಳ ಸುತ್ತ ಅಪ್ಪನ ಸವೆದ ಖಾಕಿ. ಖಾಕಿ ಕುತ್ತಿಗೆಗೆ ಚುಚ್ಚುತ್ತಿತ್ತು. ಚುಚ್ಚುತ್ತದೆ ಅಂದರೆ, “ಚುಚ್ಚಲಿ. ಮೈಗೆ ಹತ್ತೋದು ನಮ್ದ ಇರ್ಲಿ,” ಅಂದಳು.

ಮೇಷ್ಟ್ರ ಜೊತೆ ಹತ್ತಿದ ಬಸ್ಸು ಅಪ್ಪನದೇ. ಗೊತ್ತಿತ್ತು, ಆದರೂ ಅವನು ಟಿಕೆಟು ಕೊಡುತ್ತ ನಮ್ಮ ಸೀಟಿನ ಕಡೆ ಸರಿಯುವುದನ್ನು ನೋಡುತ್ತ ನಾನು ಬೆವತೆ. ಬೆವತಂತೆಲ್ಲ ಕೊರಳಿನಿಂದ ಅದು ಎದ್ದು ಬಂತು, ಬೇವಿನ ಕಹಿಯ ಅಡಿಯಿಂದ, ಸಣ್ಣಗೆ, ತಣ್ಣಗೆ, ನುಸಿಗುಳಿಗೆ. ನಾನು ಕಿಟಕಿ ಪೂರ್ತಿ ತೆರೆದು ತಲೆ ಹೊರಗಿಟ್ಟೆ. “ತಲಿ ಒಳಗ ತಗೋಬೇ,” ಎಂದು ಅಪ್ಪ ಗದರಿಸಿ, ಅಂಗಿಯನ್ನು ಒಮ್ಮೆ ನೋಡಿ, “ಚಂದ ಐತಿ,” ಎಂದು ಮುಂದೆ ಹೋದ. ಮಸ್ಕಿ ದಾಟುವವರೆಗೂ ನಾನು ಉಸಿರನ್ನು ಅರ್ಧರ್ಧ ಆಡಿದೆ. ಅವನಿಗೆ ಗೊತ್ತಾಯಿತೆ? ಗೊತ್ತಾಗಿದ್ದರೆ ಸುಮ್ಮನಿರುತ್ತಿದ್ದನೆ?

ಸ್ಪರ್ಧೆಯ ವಿಷಯ ನಿಮಗೂ ಗೊತ್ತಿರುವ ಹಳೆಯದೇ: ಹಳ್ಳಿ ಮೇಲೋ, ಪಟ್ಟಣ ಮೇಲೋ. ನನ್ನ ಪಾಲಿಗೆ ಪಟ್ಟಣ. ಹಳ್ಳಿಯ ಪರ ಎದ್ದು ನಿಂತವಳನ್ನು ನೋಡಿ ನಾನು ತೋಳೆರಡನ್ನೂ ಬೆನ್ನ ಹಿಂದೆ ಮಾಡಿಕೊಂಡೆ. ಮಿಲ್ಲಿನವರ ಮಗಳು, ಲಾವಣ್ಯ. ಅವರ ಕಟ್ಟೆಯ ಮೇಲೆ ಅತ್ತಿಗಾಗಿ ಕಾಯುತ್ತ ಅವಳನ್ನು ನಾನು ಎಷ್ಟೋ ಸಲ ನೋಡಿದ್ದೆ. ಅವಳು ನನ್ನನ್ನು ನೋಡಿರಲಿಲ್ಲ. ಅವಳಿಗೆ ನನ್ನ ಮುಖದ ಪರಿಚಯವಿರಲಿಲ್ಲ, ನನ್ನ ಬಟ್ಟೆಯ ಪರಿಚಯವಿತ್ತು. ಹಳ್ಳಿಯಲ್ಲಿ ಎಲ್ಲರೂ ಎಲ್ಲರನ್ನೂ ಗುರುತು ಹಿಡಿಯುತ್ತಾರೆ, ಅದೇ ಪ್ರೀತಿ ಎಂದು ಅವಳು ಮುಗಿಸಿದಳು. ಬಾಯಿಪಾಠ ಮಾಡಿದ್ದೆಲ್ಲ ನನಗೆ ಮರೆತುಹೋಯಿತು. ಎದ್ದು ನಿಂತು, “ಹಳ್ಳಿಯಲ್ಲಿ ನಿಮ್ಮನ್ನಷ್ಟೇ ಅಲ್ಲ, ನಿಮ್ಮ ಅಂಗಿಯನ್ನೂ ಗುರುತು ಹಿಡಿಯುತ್ತಾರೆ. ಅದು ಯಾರದೆಂದು ಕಿಸೆಗೆ ಕೈ ಹಾಕಿ ನೋಡುತ್ತಾರೆ. ಪಟ್ಟಣದಲ್ಲಿ ನಾನು ತೊಟ್ಟದ್ದು ನನ್ನದು,” ಎಂದೆ. ಮಂದಿ ನಕ್ಕು ಚಪ್ಪಾಳೆ ಹೊಡೆದರು. ಆಗ ಹಿಂದಿನ ಬಾಗಿಲಲ್ಲಿ ಖಾಕಿ ಕಂಡಿತು. ಬಸ್ಸು ನಿಂತ ಹೊತ್ತಿನಲ್ಲಿ ಅಪ್ಪ ಬಂದು ನಿಂತಿದ್ದ. ಅವನು ನಗುತ್ತಿರಲಿಲ್ಲ.

ಎರಡನೇ ಬಹುಮಾನವೆಂದು ಕೊಟ್ಟ ಸ್ಟೀಲ್ ಡಬ್ಬಿ ಹಿಡಿದು ಅವನ ಬಳಿ ಹೋದೆ. ಹಿಂದೆಯೇ ಲಾವಣ್ಯ ಬಂದಳು. ನನ್ನ ತೋಳಿನ ಬಟ್ಟೆಯನ್ನು ಎರಡು ಬೆರಳ ನಡುವೆ ಹಿಡಿದು ತಿಕ್ಕಿ ನೋಡಿದಳು. “ಏಯ್, ನಿನ್ನ ಡ್ರೆಸ್ ಮಸ್ತ್ ಐತಿ. ಎಲ್ಲಿ ತಗೊಂಡ್ರಿ? ನಂದೂ ಒಂದು ಲಂಗ ಥೇಟ್ ಇದ ಬಣ್ಣದ್ದಿತ್ತು. ಅಮ್ಮ ಯಾರಿಗೋ ಕೊಟ್ಟುಬಿಟ್ಟಾಳ.” ಅವಳ ದನಿಯಲ್ಲಿ ವಿಷವಿರಲಿಲ್ಲ, ಇದ್ದಿದ್ದರೆ ಉತ್ತರ ಕೊಡಬಹುದಿತ್ತು. ಅಪ್ಪ ಅವಳ ಬೆರಳನ್ನೇ ನೋಡುತ್ತಿದ್ದ. ಆಮೇಲೆ, ಹೆಗಲ ಮೇಲಿನ ಟಿಕೆಟ್ ಚೀಲ ಸರಿ ಮಾಡಿಕೊಂಡು, “ನಮ್ಮ ತಂಗಿ ಹೊಲದಾಳವ್ವ,” ಅಂದ. ಅಷ್ಟೇ. ವಾಪಸ್ಸು ಬರುವ ದಾರಿಯಲ್ಲಿ ಅವನು ಬೇಕಿಲ್ಲದ ಕಡೆಯೂ ಸೀಟಿ ಊದಿದ. ನಾನು ಮಡಿಲಲ್ಲಿ ಡಬ್ಬಿ ಇಟ್ಟುಕೊಂಡು, ಮಿಷನ್ನು ಅಂಗಳದಲ್ಲಿ ಬಿಸಿಲಿಗೆ ನಿಂತಿರುವುದನ್ನೂ ಅತ್ತಿ ಅದರ ಪಕ್ಕ ಟಂಟಂ ಕಾಯುತ್ತಿರುವುದನ್ನೂ ಕಾಣುತ್ತ ಕೂತಿದ್ದೆ.

ಸಂಜೆ ಅಪ್ಪ ಒಳಗೆ ಬಂದಾಗ ಅತ್ತಿ ಮಿಷನ್ನಿನ ಗಾಲಿಯನ್ನು ಅಂಗೈಯಿಂದ ತಡೆದು ನಿಲ್ಲಿಸಿದಳು. ನನ್ನ ಮುಖ ನೋಡಿಯೇ ಅವಳಿಗೆ ತಿಳಿದಿತ್ತು. ಅಂಗಿ ಬದಲಿಸಿ ಬಾ ಎಂದು ಅಪ್ಪ ನನಗೆ ಹೇಳಿ, ನಾನು ತಂದುಕೊಟ್ಟದ್ದನ್ನು ತೊಡೆಯ ಮೇಲೆ ಹಾಕಿಕೊಂಡು ಒಳಗನ್ನು ಹೊರಗೆ ಮಗುಚಿದ. ಅವ್ವನ ಸೀರೆ ಕಂಡಿತು. ಅವನ ಬಿಳಿ ಅಂಗಿ ಕಂಡಿತು. ಕೊರಳ ಖಾಕಿಯ ಮೇಲೆ ಅವನ ಹೆಬ್ಬೆರಳು ನಿಂತಿತು.

“ಮೈಗೆ ಹತ್ತೋದೆಲ್ಲಾ ನಮ್ದ ಐತಣ್ಣ,” ಎಂದಳು ಅತ್ತಿ. “ಮಂದಿದು ಮ್ಯಾಲಷ್ಟ.”

“ಮ್ಯಾಲಿಂದ ಮಂದಿಗೆ ಕಾಣಾದು.”

“ಯಾರಿಗೂ ಗುರ್ತ್ ಸಿಗಂಗಿಲ್ಲ.”

“ಸಿಕ್ತು. ಆ ಹುಡುಗಿ ಕೈಲೆ ಹಿಡದು ನೋಡಿದ್ಲು.”

ಅವ್ವ ಬಾಗಿಲ ಚೌಕಟ್ಟು ಹಿಡಿದುಕೊಂಡು, “ಏನಂದ್ಲುರೀ?” ಎಂದಳು.

“ಮಸ್ತ್ ಐತಿ ಅಂದ್ಲು.”

ಯಾರೂ ನಗಲಿಲ್ಲ, ನಗಬಹುದೋ ಇಲ್ಲವೋ ಗೊತ್ತಿರಲಿಲ್ಲ. ಅಪ್ಪ ಪಕ್ಕದ ಹೊಲಿಗೆಯುದ್ದಕ್ಕೂ ಬೆರಳಾಡಿಸಿದ. “ಕಿಸೆ ಎಲ್ಲೈತಿ?”

“ಹಚ್ಚಿಲ್ಲ.”

ಯಾಕೆಂದು ಅವನು ಕೇಳಲಿಲ್ಲ. ಅಣ್ಣ ತಂಗಿ ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ. “ಹಚ್ಚು,” ಎಂದ. “ನನ್ನ ಖಾಕಿದು.”

“ಹಸರ ಮ್ಯಾಲ ಖಾಕಿ ಎದ್ದು ಕಾಣ್ತೈತಣ್ಣ. ಚಂದ ಆಗಂಗಿಲ್ಲ.”

“ಕಾಣ್ಲಿ,” ಎಂದು ಎದ್ದು ಕೈಕಾಲು ತೊಳೆಯಲು ಹೋದ. ಮಿಷನ್ನು ಮತ್ತೆ ಸದ್ದು ಮಾಡಿತು.

ಅಪ್ಪ ಅವತ್ತು ಕಟ್ಟಳೆ ಮುರಿದನೋ, ಇನ್ನೊಂದು ರೀತಿಯಲ್ಲಿ ಉಳಿಸಿಕೊಂಡನೋ? ಎರಡೂ ಕಡೆ ನಿಂತು ನಾನು ವಾದ ಮಾಡಿದ್ದೇನೆ. ಯಾವ ಕಡೆ ನಿಂತರೂ ಸೋತಿದ್ದೇನೆ. ಅತ್ತಿ ಮಾತ್ರ ಆಮೇಲೆ ಮಿಲ್ಲಿನವರ ಚೀಲ ತರಲಿಲ್ಲ. ಹೊಲಿಗೆಗೆ ಹೋದಳು, ಬರಿಗೈಯಲ್ಲಿ ಬಂದಳು. ಅದು ಗೆಲುವೆಂದು ಹೇಳಲು ನನಗೆ ಮನಸ್ಸಿಲ್ಲ. ಬರಿಗೈಯಲ್ಲಿ ಬಂದ ಸಂಜೆಗಳಲ್ಲಿ ಅವಳು ನನ್ನ ಬಹುಮಾನದ ಸ್ಟೀಲ್ ಡಬ್ಬಿಯಲ್ಲಿ ತುಂಬಿಟ್ಟಿದ್ದ ಗುಂಡಿಗಳನ್ನು ಸುಮ್ಮನೆ ಬೆರಳಲ್ಲಿ ಕಲಕುತ್ತ ಕೂತಿರುತ್ತಿದ್ದಳು. ನಾನು ಕಾಲೇಜಿಗೆಂದು ಊರು ಬಿಟ್ಟೆ, ಅವಳು ಕಾಯಿಲೆ ಬಿದ್ದಳು, ಮನೆ ಮಾಲೀಕರು ಮನೆ ಬಿಡಿಸಿದರು. ಅವಳು ತೀರಿಹೋದ ಮೇಲೆ ಅವಳ ಸೀರೆಗಳನ್ನು ಏನು ಮಾಡಬೇಕೆಂದು ಯಾರಿಗೂ ತೋಚಲಿಲ್ಲ. ಹಳೆಯದನ್ನು ಹೊಸದು ಮಾಡುವಾಕೆ ಅವಳೊಬ್ಬಳೇ ಇದ್ದಳು.

ಮೊನ್ನೆ ಅಲ್ಮೇರಾದಿಂದ ಆ ಹಸಿರು ಅಂಗಿ ತೆಗೆದೆ. ರೇಷ್ಮೆ ಮಸುಕಾಗಿದೆ, ಎರಡು ಕನ್ನಡಿ ಉದುರಿ ಹಿಂದಿನ ಕಲೆ ಕಾಣುತ್ತಿದೆ. ವಾಸನೆ ಅದರಿಂದಲೇ ಬರುತ್ತಿತ್ತು. ಕಿಸೆಗೆ ಕೈ ಹಾಕಿದೆ. ಅವ್ವ, ಹುಳ ಬಿದ್ದೀತೆಂಬ ಕಾಳಜಿಗೆ, ಆ ಖಾಕಿ ಕಿಸೆಯೊಳಗೇ ಬಿಳಿ ಗೋಲಿಯೊಂದನ್ನು ಇಟ್ಟಿದ್ದಳು. ಹಿತ್ತಲಿಗೆ ಹೋಗಿ ಅದನ್ನು ದೂರ ಎಸೆದೆ. “ಯಾಕ ತಗದಿ? ನುಸಿ ತಿಂತಾವ ನೋಡು,” ಎಂದಳು ಅವ್ವ. ಅವಳು ಹೇಳಿದ್ದು ಸರಿ. ಬೆಳಕಿಗೆ ಹಿಡಿದರೆ ತೋಳಿನಲ್ಲಿ ಆಗಲೇ ಸಣ್ಣ ಸಣ್ಣ ತೂತು. ಬೇವಿನ ಎಲೆ ಕಿತ್ತು ತಂದು, ಅಂಗಿಯನ್ನು ಮಾಳಿಗೆಯ ಬಿಸಿಲಿಗೆ ಹರವಿ, ಪಕ್ಕದಲ್ಲಿ ಕೂತು ಮೂಸಿದೆ. ಹೋಯಿತೋ ಇಲ್ಲವೋ ತಿಳಿಯಲಿಲ್ಲ. ಕೇಳುವವರೂ ಯಾರೂ ಇರಲಿಲ್ಲ. ಬಿಸಿಲು ಇಳಿಯುವವರೆಗೂ ಖಾಕಿ ಕಿಸೆಯೊಳಗೆ ಕೈಯಿಟ್ಟುಕೊಂಡು ಅಲ್ಲೇ ಕೂತಿದ್ದೆ.