ರಫೂ ಅಕ್ಕನ ಐದನೇ ಡಬ್ಬಿ

ಸೂಜಿ ಹೋದ ದಾರಿ ಕಾಣಬಾರದು, ಕಂಡರೆ ಅದು ರಫೂ ಅಲ್ಲ, ತೇಪೆ. ರಫೂ ಅಕ್ಕ ಕಲಿತ ವಿದ್ಯೆ ಇಷ್ಟೇ. ಲಾಂಡ್ರಿಯ ಹಿಂದಿನ ಕೋಣೆಯಲ್ಲಿ, ಇಸ್ತ್ರಿಯ ಹಬೆಯ ನಡುವೆ, ಮೂವತ್ತೊಂದು ವರ್ಷ ಜನರ ಕೋಟು, ಪ್ಯಾಂಟುಗಳ ತೂತು ಮುಚ್ಚಿದಳು. ಅದೇ ಬಟ್ಟೆಯ ಒಳಅಂಚಿನಿಂದ ಎಳೆ ಕಿತ್ತು, ಅಡ್ಡ ಒಂದು, ಉದ್ದ ಒಂದು ನೇಯ್ದು ಕೂರಿಸಿದರೆ, ಬಟ್ಟೆಯ ಯಜಮಾನನೇ ತೂತು ಎಲ್ಲಿತ್ತೆಂದು ಹುಡುಕಬೇಕು. ಸಿಗದೆ, "ಹಾಂ, ಸರಿ" ಎಂದು ಹೋಗಿಬಿಡುತ್ತಿದ್ದ. ಕಾಣದ ಕೆಲಸವನ್ನು ಯಾರು ಹೊಗಳುತ್ತಾರೆ?

ವಾರಗಿತ್ತಿಯ ಕಥೆಯೇ ಬೇರೆ. ಮೈದುನನ ಹೆಂಡತಿಯಾಗಿ ಅದೇ ಮನೆಗೆ ಬಂದವಳು, ಬೇಕರಿಯಲ್ಲಿ ಬ್ರೆಡ್ಡು ಮಾರುತ್ತಿದ್ದವಳು. ಬಾಯಿ ಬಿಟ್ಟರೆ ಬೀದಿಯೇ ನಗುತ್ತಿತ್ತು. ಅತ್ತೆ ಮೂರು ತಿಂಗಳು ಮಲಗಿದಾಗ ಹಾಸಿಗೆ ಬಟ್ಟೆ ಒಗೆದವಳು ರಫೂ ಅಕ್ಕ. ಕೊನೆಗೆ ಅತ್ತೆ ಕೂಗಿ ಕರೆದದ್ದು ಕಿರಿ ಸೊಸೆಯನ್ನು. ಈ ಮಾತನ್ನು ರಫೂ ಅಕ್ಕ ಯಾರೆದುರೂ ಆಡಲಿಲ್ಲ. ಮರೆಯಲೂ ಇಲ್ಲ.

ಇಬ್ಬರೂ ಕೆಲಸ ಬಿಟ್ಟು ಮನೆಯಲ್ಲಿದ್ದ ಕಾಲಕ್ಕೆ ಲೈಬ್ರರಿ ಮೇಡಂ ಜಿಯೋಕ್ಯಾಶಿಂಗ್ ಎಂಬ ಆಟ ತಂದರು. ಊರಾಚೆ ಹೊಲ, ಕಾಲುವೆ, ತೋಪುಗಳ ದಾರಿಯಲ್ಲಿ ಏಳು ಡಬ್ಬಿ ಬಚ್ಚಿಡಬೇಕು. ಅಪ್ಪ ಅಮ್ಮ ಮಕ್ಕಳನ್ನು ಕಟ್ಟಿಕೊಂಡು, ಮೊಬೈಲು ತೋರಿಸಿದ ಜಾಗಕ್ಕೆ ನಡೆದು ಬಂದು ಹುಡುಕಬೇಕು. ಸಿಕ್ಕರೆ ಒಳಗಿನ ಪುಸ್ತಕದಲ್ಲಿ ಹೆಸರು ಬರೆದು, ಡಬ್ಬಿಯನ್ನು ಇದ್ದಲ್ಲೇ ಇಟ್ಟು ಮುಂದಕ್ಕೆ ಹೋಗಬೇಕು. ನಾಲ್ಕನೇ ಡಬ್ಬಿ ವಾರಗಿತ್ತಿಯ ಪಾಲಿಗೆ, ಐದನೆಯದು ರಫೂ ಅಕ್ಕನ ಪಾಲಿಗೆ ಬಂತು.

ವಾರಗಿತ್ತಿ ಅದನ್ನು ಹಕ್ಕಿಗೂಡಿನಂಥ ಪೆಟ್ಟಿಗೆಯಲ್ಲಿಟ್ಟು, ಪೆಟ್ಟಿಗೆಗೆ ಚಿಂದಿಯ ಬಾಲ ಹಚ್ಚಿದಳು. ಬಾಲ ದಾರಿಯಿಂದಲೇ ಕಾಣುತ್ತಿತ್ತು. ರಫೂ ಅಕ್ಕ ಜೋಳದ ಹೊಲದ ಬೆದರುಬೊಂಬೆಯ ಹುಲ್ಲು ತುಂಬಿದ ಕೋಟು ಬಿಚ್ಚಿ ತಂದಳು. ಬೆನ್ನು ಸೀಳಿ, ಹುಲ್ಲಿನ ನಡುವೆ ಡಬ್ಬಿ ಹುದುಗಿಸಿ, ಎರಡು ದಿನ ಕೂತು ರಫೂ ಮಾಡಿ ಮುಚ್ಚಿ, ಬೊಂಬೆಗೆ ಮತ್ತೆ ತೊಡಿಸಿದಳು. ಹೆಸರು ಬರೆಯುವವರು ಅದನ್ನು ತೆರೆಯಬೇಕಲ್ಲ ಎಂಬುದು ಅವಳ ತಲೆಗೇ ಬರಲಿಲ್ಲ.

ತಿಂಗಳು ಕಳೆಯುವುದರೊಳಗೆ ವಾರಗಿತ್ತಿಯ ಪುಸ್ತಕ ತುಂಬಿತು. ಅದನ್ನು ಮನೆಗೆ ತಂದು, ಅಂಗಳದಲ್ಲಿ ಕಾಲು ಚಾಚಿ ಓದಿದ್ದೇ ಓದಿದ್ದು.

"ಕೇಳಕ್ಕಾ, 'ಬಾಲದ ಅಜ್ಜಿಗೆ ಮುತ್ತು' ಅಂತ ಬರ್ದಿದೆ ಒಂದು ಪುಟಾಣಿ! ನನಗೆ ಬಾಲ ಯಾವಾಗ ಬಂತು ಹೇಳು?"

"ಮೊದಲಿಂದ ಇದ್ದಿದ್ದು ಈಗ ಕಾಣ್ತಿದೆ."

ವಾರಗಿತ್ತಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಬೈದರೂ ನಗುವವಳ ಹತ್ತಿರ ಜಗಳ ಆಡುವುದು ಹೇಗೆ? "ನಿಂದರಲ್ಲಿ ಎಷ್ಟು ಹೆಸರಾಯ್ತಕ್ಕಾ?"

"ಎಣಿಸೋ ಚಾಳಿ ನನಗಿಲ್ಲ."

ಮಾರನೆಯ ದಿನ ಮೇಡಂ ಬಂದರು. "ಅಮ್ಮಾ, ಐದನೇದು ಯಾರಿಗೂ ಸಿಕ್ತಿಲ್ಲ. ಮಕ್ಕಳು ಅಳ್ತಾ ಹೋಗ್ತಿದ್ದಾರೆ. ಭಾನುವಾರದೊಳಗೆ ಒಂದಾದ್ರೂ ಹೆಸರು ಬೀಳದಿದ್ರೆ ತೆಗೆದುಬಿಡೋಣ. ಅಲ್ಲಿಗೂ ನಿಮ್ಮ ತಂಗಿ ಕೈಲೇ ಒಂದು ಇಡಿಸ್ತೀನಿ."

"ಸಿಗೋ ಹಾಗಿಟ್ರೆ ಅದು ಬಚ್ಚಿಡೋದು ಹೇಗಾಗತ್ತೆ?" ಎಂದಳು ರಫೂ ಅಕ್ಕ. ಒಳಗೆ ಮಾತ್ರ ಲೆಕ್ಕ ನಡೆದಿತ್ತು. ಅತ್ತೆಯೂ ಅವಳಿಗೇ, ಬೀದಿಯೂ ಅವಳಿಗೇ, ಈಗ ಬೆದರುಬೊಂಬೆಯೂ ಅವಳಿಗೇ!

ಭಾನುವಾರ ಬುಟ್ಟಿ ಹಿಡಿದು, ಸೊಪ್ಪು ಕೀಳುವವಳಂತೆ ಹೊಲದ ಪಕ್ಕದ ಕಾಲುವೆ ಏರಿಯ ಮೇಲೆ ಕೂತಳು. ಒಂದು ಸಂಸಾರ ಬಂತು. ಅಪ್ಪ ಬೊಂಬೆಯ ಜೇಬುಗಳನ್ನೆಲ್ಲ ತಡಕಿದ, ಮಗಳು ಟೋಪಿ ಎತ್ತಿ ನೋಡಿದಳು.

"ಇಲ್ಲೇ ಅಂತಿದೆಯಲ್ಲಪ್ಪ ಮೊಬೈಲು!"

"ಯಾರೋ ಹೊತ್ಕೊಂಡು ಹೋಗಿದಾರೆ ಬಿಡು. ನಡಿ, ಇನ್ನೊಂದ್ಸಲ ಬಾಲದ ಡಬ್ಬಿ ನೋಡ್ಕೊಂಡೇ ಹೋಗೋಣ."

'ಬೆನ್ನು ನೋಡಿ' ಎಂಬ ಮಾತು ನಾಲಿಗೆ ತುದಿಗೆ ಬಂದಿತ್ತು. ನುಂಗಿಕೊಂಡಳು. ಹೇಳಿ ಬರೆಸಿಕೊಂಡ ಹೆಸರು ಬೇಡಿ ತಿಂದ ಅನ್ನದ ಹಾಗೆ. ಹೀಗೆಯೇ ನಾಲ್ಕು ಸಂಸಾರಗಳು ಬರಿಗೈಯಲ್ಲಿ ಹೋದವು.

ಬಿಸಿಲು ಇಳಿಯುವ ಹೊತ್ತಿಗೆ ವಾರಗಿತ್ತಿ ಬಂದಳು. ಅವಳು ಜೇಬು ಮುಟ್ಟಲಿಲ್ಲ. ಮಗುವಿಗೆ ಜ್ವರ ಇದೆಯೇ ಎಂದು ನೋಡುವ ಹಾಗೆ ಬೊಂಬೆಯ ಬೆನ್ನಿನ ಮೇಲೆ ಅಂಗೈ ಆಡಿಸಿದಳು. ಒಂದು ಕಡೆ ಕೈ ನಿಂತಿತು. ಸೊಂಟದಿಂದ ಕತ್ತರಿ ತೆಗೆದಳು.

ರಫೂ ಅಕ್ಕ ಬುಟ್ಟಿ ಬಿಸುಟು ಓಡಿ ಬಂದಳು. "ಏಯ್, ಏನು ಮಾಡ್ತಿದ್ದೀಯೇ?"

"ನಿನ್ನ ಕೈ ನನಗೆ ಗೊತ್ತಿಲ್ವಾ ಅಕ್ಕಾ? ನನ್ನ ಉಣ್ಣೆ ಶಾಲು ರಫೂ ಮಾಡಿದ್ಯಲ್ಲ, ಎಷ್ಟು ಹುಡುಕಿದ್ರೂ ಕಣ್ಣಿಗೆ ಕಾಣ್ಲಿಲ್ಲ. ಬೆರಳಿಗೆ ಸಿಕ್ತು. ಅಲ್ಲಿ ಒಂಚೂರು ಬಿಗಿ. ಇಂಥಾ ಕೆಲಸ ಇನ್ಯಾರೂ ಮಾಡಲ್ಲ."

ಮೂವತ್ತೊಂದು ವರ್ಷದಲ್ಲಿ ಯಾರೂ ಆಡದ ಮಾತು. ಆಡಬೇಕಾದ ಬಾಯಿ ಇದೇ ಆಗಬೇಕಿತ್ತೇ! ಹಾಳಾದವಳು ಹೊಗಳುವುದರಲ್ಲೂ ಮುಂದು.

ವಾರಗಿತ್ತಿ ಹೊಲಿಗೆ ಕತ್ತರಿಸಿ, ಪುಸ್ತಕದಲ್ಲಿ ಮೊದಲ ಹೆಸರು ತನ್ನದೇ ಬರೆದಳು. ಸೀಳಿದ ಜಾಗಕ್ಕೆ ತನ್ನ ಕೂದಲಿನ ಕೆಂಪು ಟೇಪನ್ನು ಸೊಟ್ಟಸೊಟ್ಟಗೆ ಪೋಣಿಸಿ, ಎಳೆದರೆ ಬಿಚ್ಚುವಂತೆ ಗಂಟು ಹಾಕಿದಳು. "ಇನ್ಮೇಲೆ ಎಲ್ರಿಗೂ ಸಿಗತ್ತೆ ನೋಡು."

ಸಿಕ್ಕಿತು. ಡಬ್ಬಿ ಉಳಿಯಿತು. ಆದರೆ ಊರಿನಲ್ಲೆಲ್ಲ ಒಂದೇ ಮಾತು: "ಯಾರಿಗೂ ಸಿಗದ್ದನ್ನ ಬೇಕರಿಯಮ್ಮ ಹುಡುಕಿದ್ಲಂತೆ!" ಬಚ್ಚಿಟ್ಟವಳ ಹೆಸರು ಯಾರ ಬಾಯಲ್ಲೂ ಇಲ್ಲ.

ರಫೂ ಅಕ್ಕ ವಾರ ತಡೆದಳು. ಎಂಟನೇ ದಿನ ಸೂಜಿ ದಾರ ಹಿಡಿದು ಹೊಲಕ್ಕೆ ಹೋಗಿ ಆ ಕೆಂಪು ಟೇಪನ್ನು ಕತ್ತರಿಸಿ ಎಸೆದಳು. ಮತ್ತೆ ಮುಚ್ಚಿಬಿಡುವುದೆಂದು ಸೂಜಿ ಪೋಣಿಸಿದವಳು, ಪುಸ್ತಕ ತೆಗೆದು ನೋಡಿದಳು. ಇಪ್ಪತ್ತಮೂರು ಹೆಸರು. ಒಂದೊಂದನ್ನೂ ಕಾಗುಣಿತ ಕೂಡಿಸಿ ಓದುವಷ್ಟರಲ್ಲಿ ನೆರಳು ಉದ್ದವಾಯಿತು.

ಸೆರಗಿನ ಅಂಚಿನಿಂದ ಒಂದು ಪಟ್ಟಿ ಹರಿದು, ಸೀಳಿನ ಎರಡೂ ಬದಿಗೆ ಒಂದೇ ಅಳತೆಯಲ್ಲಿ ಕುಣಿಕೆ ಹೊಲಿದು ಪೋಣಿಸಿದಳು. ದಾರಿಯಿಂದಲೇ ಕಾಣುವಂತೆ ಗಂಟು ಹಾಕಿದಳು, ತಂಗಿ ಹಾಕಿದ್ದಕ್ಕಿಂತ ಒಂದು ಬೆರಳು ದೊಡ್ಡದು.